ಯಾರ ಕುಂಡಕ್ಕೂ ಹೋಗದ ಮಣ್ಣು

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಒಬ್ಬ ಹೆಂಗಸು ಮಂಡಿಯೂರಿ ಕುಳಿತಿದ್ದಾರೆ. ಎದುರಿಗೆ ಆರು ತಗಡಿನ ಡಬ್ಬಿಗಳು, ಪ್ರತಿ ಡಬ್ಬಿಯಲ್ಲೂ ಮೂರು ಬೀನ್ಸ್ ಸಸಿಗಳು. ಕಣ್ಣಿಗೆ ಬೆಳಕು ಸಾಲದ ಹೊತ್ತಾದ್ದರಿಂದ ಒಂದೊಂದು ಎಲೆಯನ್ನೂ ಬೆರಳಿನಿಂದ ಸವರಿ ನೋಡುತ್ತಾರೆ. ಚಪ್ಪಟೆಯಾಗಿರಬೇಕಾದ ಎಲೆ ಚಮಚದಂತೆ ಒಳಕ್ಕೆ ಬಾಗಿದೆ. ಎರಡನೆಯದೂ ಹಾಗೆಯೇ. ಹದಿನೆಂಟನೆಯ ಸಸಿಯವರೆಗೂ ತಾಳ್ಮೆಯಿಂದ ಮುಟ್ಟಿ ನೋಡಿ, ಅಂಗಿಯ ಅಂಚಿಗೆ ಕೈ ಒರೆಸಿಕೊಂಡು, "ಇನ್ನು ಮುಗೀತು" ಎನ್ನುತ್ತಾರೆ. ಯಾರನ್ನೂ ಉದ್ದೇಶಿಸಿ ಆಡಿದ ಮಾತಲ್ಲ ಅದು.

ಕೈಕಾಲು ಸ್ವಾಧೀನ ತಪ್ಪಿದವರಿಗೆ ಚಿಕಿತ್ಸೆ ಕೊಡುವ ಈ ಆಸ್ಪತ್ರೆಯಲ್ಲಿ ಅವರು ತೋಟದ ಸಹಾಯಕಿ. ವಾರ್ಡಿನಿಂದ ವಾರ್ಡಿಗೆ ಹಬ್ಬಿ ನಿಂತ ಹೆಸರು ಮಾತ್ರ ಮಣ್ಣಕ್ಕ. ವಯಸ್ಸು ಐವತ್ತೆಂಟೂವರೆ, ನಿವೃತ್ತಿಗೆ ಉಳಿದಿರುವುದು ಒಂದೂವರೆ ವರ್ಷ. ತಾರಸಿಯ ಮೇಲೆ ಅವರು ನೋಡಿಕೊಳ್ಳುವ ಟಬ್ಬುಗಳು ನೂರ ನಲವತ್ತಾರು. ಒಂದೊಂದರಲ್ಲಿ ನಲವತ್ತು ಲೀಟರು ಮಣ್ಣು. ಬದನೆ, ಟೊಮೇಟೊ, ಬೀನ್ಸ್, ಸೊಪ್ಪು ಸೇರಿ ವಾರಕ್ಕೆ ಸರಾಸರಿ ಒಂಬತ್ತು ಕಿಲೋ ತರಕಾರಿ ಅಡುಗೆಮನೆಗೆ ಇಳಿಯುತ್ತಿತ್ತು. ರೋಗಿಗಳು ಬೆರಳು ಪಳಗಿಸಲು ಇಲ್ಲಿಗೇ ಬರುತ್ತಿದ್ದರು, ದಿನಕ್ಕೆ ಮೂವತ್ತು ನಲವತ್ತು ಜನ. ಬಲಗೈ ಸ್ಪರ್ಶ ಕಳೆದುಕೊಂಡಿದ್ದ ಟೈಲರ್ ಒಬ್ಬರು ಐದು ವಾರ ಮಣ್ಣು ಹಿಸುಕಿದ ಮೇಲೆ ಒಂದು ದಿನ ಕೈ ಹಿಂದಕ್ಕೆಳೆದುಕೊಂಡು, "ಅಕ್ಕಾ, ತಣ್ಣಗಿದೆ" ಎಂದರಂತೆ. ಆ ದಿನದ ಮಾತು ಬಂದಾಗಲಷ್ಟೇ ಮಣ್ಣಕ್ಕನ ಮುಖ ಸ್ವಲ್ಪ ಸಡಿಲಗೊಳ್ಳುತ್ತದೆ.

ಹನ್ನೊಂದು ವರ್ಷದಲ್ಲಿ ಅವರು ಹೊರಗಿನಿಂದ ಒಂದು ಚೀಲ ಗೊಬ್ಬರ ತರಿಸಿದವರಲ್ಲ. ಪಕ್ಕದ ಕಚೇರಿಯ ಅಂಗಳದಲ್ಲಿ ಒಂಬತ್ತು ನೆರಳುಮರಗಳಿವೆ. ಅವುಗಳ ತರಗೆಲೆಯನ್ನು ಹೊತ್ತು ತಂದು, ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಹಿಂದಿನ ಮೂರು ಜಾಲರಿ ತೊಟ್ಟಿಗಳಲ್ಲಿ ತುಂಬಿ, ಇಪ್ಪತ್ತೆರಡು ತಿಂಗಳು ಕೊಳೆಸುತ್ತಾರೆ. ಆರು ವಾರಕ್ಕೊಮ್ಮೆ ತಿರುವಿಹಾಕಬೇಕು. ಹಿಡಿ ತುಂಬ ತೆಗೆದು ಹಿಂಡಿದರೆ ಒಂದು ಹನಿ ನೀರು ಬರಬೇಕು. ಎರಡು ಬಂದರೆ ಹೆಚ್ಚು, ಬರದಿದ್ದರೆ ಕಡಿಮೆ. ಎಲೆಗೊಬ್ಬರ ಎರಡು ಪಾಲು, ಹಳೆಯ ಮಣ್ಣು ಎರಡು ಪಾಲು, ಮರಳು ಒಂದು ಪಾಲು. ಕೊನೆಯಲ್ಲಿ ಎರಡು ಹಿಡಿ 'ಹೆಪ್ಪು'. ಮೊದಲ ವರ್ಷದಿಂದ ಕಾಪಾಡಿಕೊಂಡು ಬಂದ ಮಣ್ಣಿನ ಪೆಟ್ಟಿಗೆಗೆ ಅವರಿಟ್ಟ ಹೆಸರು ಅದು. ಬಿಳಿ ಶಿಲೀಂಧ್ರದ ಎಳೆಗಳು, ಎರೆಹುಳು, ಕಣ್ಣಿಗೆ ಕಾಣದ ಕೋಟಿ ಜೀವಿಗಳು ಈ ಪೆಟ್ಟಿಗೆಯಿಂದಲೇ ಎಲ್ಲ ಟಬ್ಬುಗಳಿಗೂ ಹರಡಿದಂಥವು. ಪ್ರತಿ ವರ್ಷ ಪೆಟ್ಟಿಗೆಗೂ ಎರಡು ಮೊರ ಹೊಸ ಎಲೆಗೊಬ್ಬರ ಬೀಳುತ್ತದೆ. "ಅದಕ್ಕೂ ಊಟ ಬೇಕಲ್ಲ" ಎನ್ನುವುದು ಅವರ ವಾದ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿರುವ ನಾದಿನಿ ಇದನ್ನು ಹಾಸ್ಯ ಮಾಡದ ದಿನವಿಲ್ಲ. ಮಣ್ಣಿಗೆ ತಿನ್ನಿಸಿದಷ್ಟು ನಮ್ಮಣ್ಣನಿಗೆ ತಿನ್ನಿಸಿದ್ದರೆ ಅವನಾದರೂ ನಾಲ್ಕು ಜನರ ನಡುವೆ ಎದ್ದು ಕಾಣುತ್ತಿದ್ದ ಎಂಬುದು ಆಕೆಯ ಹಳೆಯ ದೂರು. ಈಚೆಗೆ ಆಕೆಯೂ ಹಾಸ್ಯ ನಿಲ್ಲಿಸಿದ್ದಾರೆ.

ಕೇಡು ಶುರುವಾದದ್ದು ಒಬ್ಬರ ಒಳ್ಳೆಯತನದಿಂದ. ಎರಡು ವರ್ಷದ ಹಿಂದೆ ಎಲೆ ಉದುರಿದ್ದು ಕಡಿಮೆ. ಮಣ್ಣಕ್ಕ ಬರಿಗೈಯಲ್ಲಿ ಹೋಗಬಾರದೆಂದು ಪಕ್ಕದ ಅಂಗಳದ ಮಾಲಿ ಚೀಲಗಳ ಅಡಿಯಲ್ಲಿ ಕತ್ತರಿಸಿದ ಹುಲ್ಲನ್ನೂ ತುಂಬಿಟ್ಟ. ಹಸಿರು ಸೇರಿದರೆ ಬೇಗ ಕೊಳೆಯುತ್ತದೆ ಎಂಬ ಅವನ ತಿಳುವಳಿಕೆ ತಪ್ಪೇನೂ ಅಲ್ಲ. ಆದರೆ ಅಂಗಳದ ಹುಲ್ಲುಹಾಸಿಗೆ ಆ ವರ್ಷ ಕಳೆನಾಶಕ ಹೊಡೆದಿದ್ದರು. ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಮಾತ್ರ ಕೊಲ್ಲುವ ಬಗೆಯದು. ಇಂಥವುಗಳಲ್ಲಿ ಕೆಲವು, ಹುಲ್ಲು ಕೊಳೆತು ಗೊಬ್ಬರವಾದರೂ ತಾವು ಕರಗುವುದಿಲ್ಲ. "ಹುಲ್ಲಿಗೇ ಏನೂ ಆಗಲ್ಲ ಅಂದ್ರು ಅಕ್ಕ, ಗೊಬ್ಬರಕ್ಕೇನಾಗುತ್ತೆ ಅಂದ್ಕೊಂಡೆ" ಎಂದು ಆ ಮಾಲಿ ಆಮೇಲೆ ಕಣ್ಣೀರು ಹಾಕಿದ್ದಾನೆ.

ಹೊಸ ತೊಟ್ಟಿ ತೆರೆದಾಗ ಮೊದಲು ಒಂದು ಡಬ್ಬಿಯಲ್ಲಿ ಮೂರು ಬೀನ್ಸ್ ಬಿತ್ತಿ ಎಲೆ ನೋಡುವುದು ಮಣ್ಣಕ್ಕನದೇ ಕ್ರಮ. ಈ ಬಾರಿ ನೋಡಲಿಲ್ಲ. ಹನ್ನೊಂದು ವರ್ಷದಿಂದ ಅದೇ ಮರ, ಅದೇ ಅಂಗಳ. ಸೀದಾ ನೂರ ನಲವತ್ತಾರು ಟಬ್ಬುಗಳಿಗೂ ಬೆರೆಸಿದರು. ವಾಡಿಕೆಯಂತೆ ಹೆಪ್ಪಿನ ಪೆಟ್ಟಿಗೆಗೂ ಸುರಿದರು.

ಮೂರನೆಯ ವಾರ ಟೊಮೇಟೊ ಎಲೆ ಸುರುಳಿ ಸುತ್ತಿತು, ಬೀನ್ಸ್ ಮುರುಟಿತು. ಸೊರಗಿದ ಗಿಡಕ್ಕೆ ಮಣ್ಣು ನಂಬಿದವರು ಮಾಡುವುದು ಒಂದೇ: ಬುಡಕ್ಕೆ ಇನ್ನಷ್ಟು ಎಲೆಗೊಬ್ಬರ. ಮಣ್ಣಕ್ಕನೂ ಅದನ್ನೇ ಮಾಡಿದರು. ಟಬ್ಬಿಗೆ ಒಂದೊಂದು ಬೊಗಸೆ, ವಾರ ಬಿಟ್ಟು ಇನ್ನೊಂದು. ಕೊನೆಗೆ ಆ ಮಾಲಿಯನ್ನು ವಿಚಾರಿಸಿದಾಗಲೇ ಹುಲ್ಲಿನ ಸಂಗತಿ ಹೊರಬಿದ್ದದ್ದು.

"ಮಗೂಗೆ ಜ್ವರ ಅಂತ ಮದ್ದು ಕುಡಿಸ್ತಾ ಹೋದೆ. ಮದ್ದಿನ ಬಾಟ್ಲಿಲೇ ವಿಷ ಇತ್ತು. ಕುಡಿಸಿದ್ದು ಇದೇ ಕೈ" ಎಂದು ಅವರು ಅಂಗೈ ತಿರುಗಿಸಿ ತೋರಿಸುತ್ತಾರೆ. ಉಗುರಿನ ಅಂಚುಗಳಲ್ಲಿ ಕಪ್ಪು ಶಾಶ್ವತವಾಗಿ ಕೂತಿದೆ.

ತಾರಸಿಯನ್ನು ಖಾಲಿ ಬಿಡುವಂತಿಲ್ಲವೆಂದು ಆಸ್ಪತ್ರೆಯ ಮೇಲ್ವಿಚಾರಕರು ಮೂರು ತಿಂಗಳ ಗಡುವು ಕೊಟ್ಟರು. ಅಷ್ಟರಲ್ಲಿ ಬೀನ್ಸ್ ನೆಟ್ಟಗೆ ಬಂದರೆ ಮಣ್ಣು ಉಳಿಯುತ್ತದೆ. ಇಲ್ಲವಾದರೆ ತೆಗೆದು, ಪೇಟೆಯಿಂದ ತಯಾರಿ ಮಿಶ್ರಣ ತರಿಸುವುದು. ಈ ವಿಷವನ್ನು ಒಡೆಯಬಲ್ಲವೂ ಮಣ್ಣಿನ ಸೂಕ್ಷ್ಮಜೀವಿಗಳೇ. ಆದರೆ ಅವಕ್ಕೆ ಗಾಳಿ ಬೇಕು, ತೇವ ಬೇಕು, ಒಂದೆರಡು ವರ್ಷವಾದರೂ ಬೇಕು. ಮಣ್ಣಕ್ಕ ದಿನಕ್ಕೆ ಹತ್ತು ಟಬ್ಬಿನಂತೆ ಬುಡಮೇಲು ಮಾಡಿ ಹರಡಿದರು, ನೀರು ಚಿಮುಕಿಸಿದರು, ಮತ್ತೆ ತುಂಬಿದರು. ಐದು ಟಬ್ಬುಗಳಿಂದ ಒಂದೊಂದು ಡಬ್ಬಿ, ಹೆಪ್ಪಿನ ಪೆಟ್ಟಿಗೆಯಿಂದ ಒಂದು, ಹೀಗೆ ಆರು ಡಬ್ಬಿಗಳಲ್ಲಿ ಮೂರು ಸಲ ಬಿತ್ತಿದರು. ಮೂರನೆಯ ಬಿತ್ತನೆಯೇ ಈ ಬೆಳಗಿನದು.

ಟಬ್ಬಿನೊಳಗೆ ಕೈ ಹಾಕಿದರೆ ಈಗಲೂ ಎರೆಹುಳು ಸಿಗುತ್ತವೆ, ದಪ್ಪಗೆ, ಹೊಳೆಯುತ್ತ. ಮೂಗಿಗೆ ಹಿಡಿದರೆ ಕಾಡಿನ ವಾಸನೆ. "ಸತ್ತಿದ್ರೆ ಅತ್ತು ಸುಮ್ನಾಗಬಹುದಿತ್ತು. ಇದು ಸತ್ತಿಲ್ಲ. ಜೀವ ಇಟ್ಕೊಂಡೇ ಕೊಲ್ತಿದೆ."

ಒಂಬತ್ತು ಗಂಟೆಗೆ ಸಸಿ ಮಾರುವ ನರ್ಸರಿಯವನು ತಾರಸಿಗೆ ಬರುತ್ತಾನೆ. ಕರೆಸಿದ್ದು ಮೇಲ್ವಿಚಾರಕರು, ಇಷ್ಟು ಚೆಂದದ ಮಣ್ಣು ಹಾಳಾಗುವುದಕ್ಕಿಂತ ಯಾರಿಗಾದರೂ ಆಗಲಿ ಎಂಬುದು ಅವರ ಸದುದ್ದೇಶ. ಬೇರೆ ಮಣ್ಣಿನ ಜೊತೆ ಬೆರೆತರೆ ದೋಷ ತೊಲಗುತ್ತದೆ ಎಂದೇ ಅವರ ನಂಬಿಕೆ. ನರ್ಸರಿಯವನು ಒಂದು ಹಿಡಿ ಎತ್ತಿ ಬೆರಳ ನಡುವೆ ಉಜ್ಜುತ್ತಾನೆ. "ಇದು ಮಣ್ಣಲ್ಲ ಅಕ್ಕ, ಕಣ್ಣಿಗೆ ಹಚ್ಚೋ ಕಾಡಿಗೆ. ಇವತ್ತೇ ಎಲ್ಲಾ ತಗೊಂಡು ಹೋಗ್ತೀನಿ."

ಅವನು ಬರುವ ಮೊದಲೇ ನಾದಿನಿ ಮಣ್ಣಕ್ಕನನ್ನು ಮೆಟ್ಟಿಲಲ್ಲಿ ತಡೆದು ಬುದ್ಧಿ ಹೇಳಿದ್ದಾರೆ: "ಸುಮ್ನಿರಿ ಅತ್ತಿಗೆ. ಅಲ್ಲಾದ್ರೂ ಗಾಳಿ ಬೆಳಕಲ್ಲಿ ಬದುಕುತ್ತೆ. ಇಲ್ಲಿದ್ರೆ ಹೊಸ ಗಾಡಿ ಶೆಡ್ಡಿನ ತಳಕ್ಕೆ ಹಾಕಿ ಮೇಲೆ ಕಾಂಕ್ರೀಟು ಸುರೀತಾರೆ. ನಿಮ್ಮ ಬಾಯಲ್ಲಿದೆ ಅದರ ಜೀವ."

ಅದು ಮಣ್ಣಕ್ಕನಿಗೂ ಹೊಳೆಯದ ಲೆಕ್ಕಾಚಾರವಲ್ಲ. ಎರಡು ವರ್ಷ ಎಲ್ಲಾದರೂ ಇದ್ದರೆ ಮಣ್ಣು ತಾನಾಗಿ ಚೊಕ್ಕವಾಗುತ್ತದೆ. ಉಳಿದ ತೊಟ್ಟಿಗಳಿಗೂ ಅದೇ ಹುಲ್ಲು ಬಿದ್ದಿದೆ, ಈಗ ಹೊಸ ಎಲೆ ಕೂಡಿಟ್ಟರೂ ಅದು ಗೊಬ್ಬರವಾಗುವ ಹೊತ್ತಿಗೆ ಅವರು ಇಲ್ಲಿರುವುದಿಲ್ಲ. ಇದನ್ನು ಬಿಟ್ಟರೆ ಅವರ ಕೈಯ ಮಣ್ಣು ಎಲ್ಲಿಯೂ ಇಲ್ಲ. ನರ್ಸರಿಯವನು ಚೀಲ ಬಿಚ್ಚುತ್ತಾನೆ. ಮಣ್ಣಕ್ಕ ಎದ್ದು ಹೋಗಿ ಡಬ್ಬಿಯೊಂದನ್ನು ತಂದು ಅವನ ಮುಂದೆ ಇಡುತ್ತಾರೆ.

"ಈ ಎಲೆ ನೋಡಪ್ಪ. ನಿನ್ ಹತ್ರ ಸಸಿ ತಗೊಂಡು ಹೋಗೋರ ಮನೇಲೂ ಹೀಗೇ ಆಗುತ್ತೆ. ಇದ್ರಲ್ಲಿ ಕಳೆಗೆ ಹೊಡೆಯೋ ಔಷಧಿ ಸೇರಿದೆ. ತಿಳೀದೆ ಸೇರ್ಸಿದ್ದು ನಾನೇ."

ಅವನು ಎಲೆಯನ್ನೂ ಮಣ್ಣನ್ನೂ ಬಹಳ ಹೊತ್ತು ನೋಡುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಹೇಳುತ್ತಿರಲಿಲ್ಲ ಎಂದಷ್ಟೇ ನುಡಿದು ಚೀಲ ಮಡಿಚಿಕೊಂಡು ಹೋಗುತ್ತಾನೆ. ಮೇಲ್ವಿಚಾರಕರು ಗದರಿಸುವುದಿಲ್ಲ. ಹಾಗಾದರೆ ಶೆಡ್ಡಿಗೇ ಸರಿ, ಬೇರೆ ಜಾಗವಿಲ್ಲ ಎನ್ನುತ್ತಾರೆ. ಬಟ್ಟೆ ಕೋಣೆಯ ಹಿಂದೆ ಒಂದು ಮೂಲೆಯಾದರೂ ಸಿಕ್ಕೀತೇ ಎಂದು ಮಣ್ಣಕ್ಕ ಕೇಳುತ್ತಾರೆ. ಅಲ್ಲಿ ಜನರೇಟರ್ ಬರಲಿದೆಯಂತೆ. ಅವರ ಮನೆಯೋ, ಹೆಪ್ಪಿನ ಪೆಟ್ಟಿಗೆ ಇಡಲೂ ಜಾಗವಿಲ್ಲದ ಬಾಡಿಗೆ ಕೋಣೆ.

ಮಧ್ಯಾಹ್ನ ಕೂಲಿಯವರು ಬರುತ್ತಾರೆ. ನೂರ ತೊಂಬತ್ತೈದು ಚೀಲ. ವಾರ್ಡಿನ ಅಟೆಂಡರ್ ಒಬ್ಬ ಮನೆಯ ಕುಂಡಕ್ಕೆಂದು ಸದ್ದಿಲ್ಲದೆ ಒಂದು ಚೀಲ ಪಕ್ಕಕ್ಕೆ ಸರಿಸುತ್ತಾನೆ. ಮಣ್ಣಕ್ಕ ಅದನ್ನು ಎಳೆದು ತಂದು ರಾಶಿಗೆ ಸೇರಿಸುತ್ತಾರೆ. ಹೆಪ್ಪಿನ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ, ನಾಲ್ಕು ಮಹಡಿ ತಾವೇ ಹೊತ್ತು ಇಳಿದು, ಶೆಡ್ಡಿನ ಗುಂಡಿಗೆ ತಾವೇ ಸುರಿಯುತ್ತಾರೆ. ಎರೆಹುಳುಗಳು ಬೆಳಕಿಗೆ ಹೆದರಿ ಒಳಕ್ಕೆ ಸರಿಯುತ್ತವೆ. ಕಾಂಕ್ರೀಟು ಮಾರನೆಯ ದಿನಕ್ಕೆ.

ನಾದಿನಿ ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಅಲ್ಲ ಅತ್ತಿಗೆ, ಇಷ್ಟು ವರ್ಷದ ದುಡಿಮೆಯಲ್ಲಿ ಕೊನೆಗೆ ಏನು ಉಳಿಯಿತು ಎಂದು ಕೇಳುತ್ತಾರೆ. ಕೊಂಕಿಲ್ಲ ಆ ಪ್ರಶ್ನೆಯಲ್ಲಿ.

ಮಣ್ಣಕ್ಕ ಗುಂಡಿಯಿಂದ ಕಣ್ಣು ಕೀಳುವುದಿಲ್ಲ. "ನನ್ ಮಣ್ಣು ಬೇರೆಯವರ ಒಂದು ಗಿಡಾನೂ ಸಾಯಿಸಲಿಲ್ಲ ಕಣೇ" ಎನ್ನುತ್ತಾರೆ.