ಬೋರ್ಡು ಕೆರೆಯುವ ಉಸ್ತಾದರು

ಉಸ್ತಾದರ ಬಲಗೈ ಹೆಬ್ಬೆರಳಿನ ಉಗುರು ಸಣ್ಣ ಚಮಚದಷ್ಟು ಉದ್ದವಿತ್ತು. ಹಳದಿ, ದಪ್ಪ, ತುದಿಯಲ್ಲಿ ಚೂರು ಓರೆ. ದಿನಾ ಅದಕ್ಕೆ ಕೊಬ್ಬರಿ ಎಣ್ಣೆಯ ಉಪಚಾರ. ಜೋಳದ ರೊಟ್ಟಿ ಮುರಿಯುವಾಗ ಆ ಬೆರಳನ್ನು ಜಮೀನ್ದಾರನ ಹಾಗೆ ಮೇಲೆ ಕೂಡಿಸಿ, ಉಳಿದ ನಾಲ್ಕರಿಂದಲೇ ಕೆಲಸ ಸಾಗಿಸುತ್ತಿದ್ದರು. ಯಾರದೋ ಮದುವೆಯಲ್ಲಿ ಒಬ್ಬರು ಕೈ ಕುಲುಕಲು ಬಂದರೆ ಎಡಗೈ ಕೊಟ್ಟು, "ಮಾಫ್ ಮಾಡ್ರಿ, ಬಲಗೈ ಡ್ಯೂಟಿ ಮ್ಯಾಲದ" ಅಂದಿದ್ದರು.

ಆ ಡ್ಯೂಟಿ ಅಂದರೆ ಕೆರೆಯುವುದು. ಬಸವಕಲ್ಯಾಣದಲ್ಲಿ ಕೋಟೆಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ಅವರ ಮನೆ. ಮುಂದಿನ ಖೋಲಿಯೇ ಅಂಗಡಿ. ಹರೆಯದಲ್ಲಿ ಬೋರ್ಡು ಬರೆಯುವ ಪೇಂಟರ್ ಆಗಿದ್ದವರು. ಫ್ಲೆಕ್ಸ್ ಬಂದು ಕುಂಚಗಳೆಲ್ಲ ಡಬ್ಬಿಯಲ್ಲೇ ಒಣಗಿದ ಮೇಲೆ, ಒಳಗೆ ದೀಪ ಉರಿಯುವ ಪ್ಲಾಸ್ಟಿಕ್ ಬೋರ್ಡುಗಳ ಹಳೇ ಬಣ್ಣ ತೆಗೆದುಕೊಡುವ ಕೆಲಸ ಹಿಡಿದರು. "ಮೊದಲ ಬರದು ಉಂಡೆ, ಈಗ ಅಳಿಸಿ ಉಣ್ಣಾಕತ್ತೀನಿ" ಅನ್ನುತ್ತಿದ್ದರು. "ಅಳಿಸೂದ್ರಾಗ ಒಂದು ಸುಖ ಅದ ಬೇಟಾ. ಅಕ್ಷರ ತಪ್ಪ್ಯಾದ ಅಂತ ಯಾರೂ ಜಗಳಕ್ಕ ಬರಂಗಿಲ್ಲ."

ನಾನು ಹುಮನಾಬಾದಿನಲ್ಲಿ ಟಿ.ವಿ., ಮಿಕ್ಸರ್ ರಿಪೇರಿ ಮಾಡುವವನು. ಎಲ್ಲಾದರೂ ಹಳೇ ವಿಡಿಯೋ ಗೇಮ್ ಮಷಿನ್ ಸಿಕ್ಕರೆ ತಂದು ಅದಕ್ಕೂ ಜೀವ ಬರಿಸುತ್ತೇನೆ. ಈಗಿನವರಿಗೆ ಹೇಳಬೇಕೆಂದರೆ ಅದು ನಾಣ್ಯ ಹಾಕಿ ಆಡುವ ಆಳೆತ್ತರದ ಪೆಟ್ಟಿಗೆ. ಅದರ ನೆತ್ತಿಯ ಮೇಲೆ ಒಂದು ಪ್ಲಾಸ್ಟಿಕ್ ಪ್ಲೇಟು, ಪ್ಲೇಟಿನ ಹಿಂದೆ ಟ್ಯೂಬ್‌ಲೈಟು. ಚಿತ್ರವನ್ನು ಪ್ಲೇಟಿನ ಬೆನ್ನಿಗೆ ಬರೆದಿರುತ್ತಾರೆ, ಮುಂದಿನಿಂದ ನೋಡಿದರೆ ಝಗ್ ಅಂತ ಹೊಳೆಯುತ್ತದೆ.

ಇಂಥ ಮೊದಲ ಪ್ಲೇಟನ್ನು ನಾನೇ ಸ್ವಚ್ಛ ಮಾಡಲು ಹೋಗಿದ್ದೆ. ಬುದ್ಧಿವಂತ ನೋಡಿ, ಥಿನ್ನರ್ ಸುರಿದೆ. ಬಣ್ಣ ಹೋಯಿತು. ಜೊತೆಗೆ ಪ್ಲೇಟೂ ಹೋಯಿತು. ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಬೆಳ್ಳಗೆ ಕೂತಿತು. ಅಳುಮೋರೆ ಹಾಕಿಕೊಂಡು ಅದನ್ನು ಉಸ್ತಾದರ ಬಳಿಗೆ ಒಯ್ದೆ. ಅವರು ಒಂದು ಮಾತೂ ಬೈಯಲಿಲ್ಲ. ಮೊಳೆ ಹೊಡೆದು ಅದನ್ನು ಅಂಗಡಿಯ ಗೋಡೆಗೆ ತೂಗುಹಾಕಿ, ಬಂದ ಗಿರಾಕಿಗೆಲ್ಲ ತೋರಿಸುತ್ತಿದ್ದರು: "ಇದು ನಮ್ಮ ಹುಮನಾಬಾದ್ ಇಂಜಿನಿಯರ್ ಸಾಹೇಬರ ಕೆಲಸ."

ಆಮೇಲೆ ಕಲಿಸಿದರು. ಹಳೇ ಲುಂಗಿಯನ್ನು ಬೆಚ್ಚಗಿನ ಸಬಕಾರದ ನೀರಿನಲ್ಲಿ ಅದ್ದಿ ಬಣ್ಣದ ಮೇಲೆ ಹೊದಿಸಬೇಕು. ಅರ್ಧ ದಿನ ಅದರ ತಂಟೆಗೆ ಹೋಗಬಾರದು. ನಾನು ನಡುನಡುವೆ ಲುಂಗಿ ಎತ್ತಿ ಇಣುಕಿದರೆ, "ಬೀಗತಿ ಮಲಗ್ಯಾಳೇನು, ಹೊಚ್ಚಿದ್ದು ತೆಗೆದು ತೆಗೆದು ನೋಡಾಕ? ಸುಮ್ಮ ಕೂಡು. ಅದಕ್ಕೂ ಬಿಡೂ ಮನಸ್ಸು ಬರಬೇಕಲ್ಲ" ಅನ್ನುವರು. ನೆನೆದ ಮೇಲೆ ಹಳೇ ಎ.ಟಿ.ಎಂ. ಕಾರ್ಡಿನ ಅಂಚಿನಿಂದ ಮೆಲ್ಲಗೆ ನೂಕುವುದು. ಮೂಲೆ ಮುಡುಕಿಗೆ ಆ ಉಗುರು. ಕಬ್ಬಿಣ ಮಾತ್ರ ಹತ್ತಿರ ಸುಳಿಯುವಂತಿಲ್ಲ.

ಮೂರು ವರ್ಷದ ಹಿಂದಿನ ಮಾತು. ಹೈದರಾಬಾದ್ ರಸ್ತೆಯಲ್ಲಿ ಹೊಸ ಢಾಬಾ ತೆರೆಯುತ್ತಿದ್ದವನೊಬ್ಬ ನನ್ನಲ್ಲಿಗೆ ಬಂದ. ಊಟಕ್ಕೆ ಬಂದ ಮಂದಿಯ ಮಕ್ಕಳು ಆಡಲಿಕ್ಕೆ ಹಳೇ ಗೇಮ್ ಮಷಿನ್ ಬೇಕು, ನೆತ್ತಿಯ ಮೇಲೆ ತನ್ನ ಢಾಬಾದ ಹೆಸರು ಬರಬೇಕು ಅಂದ. ನನಗೆ ಮಾಣಿಕನಗರದ ಆಯಿ ನೆನಪಾದಳು. ನಾನು ಸಾಲಿಗೆ ಹೋಗುವಾಗ ಚಹಾದ ಅಂಗಡಿಯ ಪಕ್ಕದಲ್ಲಿ ಒಂದು ಮಷಿನ್ ಇಟ್ಟಿದ್ದ ಮುದುಕಿ. ಪ್ಲೇಟಿನ ಮೇಲೆ ಕೆಂಗಣ್ಣಿನ, ಕೊಂಬಿನಂಥ ಮೀಸೆಯ, ಕತ್ತಿ ಹಿಡಿದ ಒಬ್ಬ ಆಸಾಮಿ ಇದ್ದ. ಆಯಿ ಬೆಳಿಗ್ಗೆ ಮಷಿನ್ ಚಾಲೂ ಮಾಡುವ ಮುಂಚೆ ಅವನ ಹಣೆಗೆ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದಳು. ಪಾಪ, ವೀರಭದ್ರ ಅಂತ ತಿಳಿದುಕೊಂಡಾಳ ಅಂತ ನಾವೆಲ್ಲ ಒಳಗೊಳಗೇ ನಗುತ್ತಿದ್ದೆವು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೊಬೈಲು ಬಂದು ಮಷಿನ್ ನಿಂತಿತು, ಕುಂಕುಮ ನಿಲ್ಲಲಿಲ್ಲ. ನಾನು ಕೇಳಿದ ಕೂಡಲೇ ಆಯಿ "ಒಯ್ಯಿ, ಮೂಲಿ ಖಾಲಿ ಆಗ್ತದ" ಅಂದಳು. ಪ್ಲೇಟಿನ ಮೇಲೆ ಅಡಿಕೆಯಷ್ಟು ದಪ್ಪ ಕುಂಕುಮ ಗಟ್ಟಿಯಾಗಿತ್ತು. ಪ್ಲೇಟು ಬಿಚ್ಚಿ, ಚಾದರದಲ್ಲಿ ಸುತ್ತಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದೆ.

ಉಸ್ತಾದರು ಚಾದರ ಸರಿಸಿ ನೋಡಿದವರೇ ಥಟ್ಟನೆ ಮುಚ್ಚಿದರು. ಅಷ್ಟರಲ್ಲಿ ಅವರ ಹೆಂಡತಿ, ನಮ್ಮ ಚಾಚಿ, ಚಹಾ ತಂದಳು. ಉಸ್ತಾದರು ಪ್ಲೇಟನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಅದಕ್ಕೆ ಬೆನ್ನು ಕೊಟ್ಟು ಪೊಲೀಸರ ಹಾಗೆ ನಿಂತರು. ಆಕೆ ಒಳಗೆ ಹೋದ ಮೇಲೆ ನನ್ನ ರಟ್ಟೆ ಹಿಡಿದು ಓಣಿಗೆ ಎಳೆದುಕೊಂಡು ಹೋದರು.

"ಇದನ್ನ ನಾ ಕೆರಿಯಂಗಿಲ್ಲ."

"ಯಾಕ್ರಿ ಉಸ್ತಾದ್?"

"ಬರದವನು ನಾನೇ. ಮಷಿನ್ ಮಾರಾಂವ ಒಂದು ಹರಕ ಚಿತ್ರ ತಂದು ಕೊಟ್ಟಿದ್ದ. ನಡದಿಂದ ಕೆಳಗಿಂದಷ್ಟೇ ಇತ್ತು. ಮ್ಯಾಲಿಂದು ನೀನೇ ಹಾಕು, ಸಿಟ್ಟಿನ ಮಾರಿ ಇರಲಿ ಅಂದ. ನಾ ಕಂಡಿದ್ದು ಒಂದೇ ಸಿಟ್ಟಿನ ಮಾರಿ." ಸುತ್ತ ನೋಡಿ ದನಿ ತಗ್ಗಿಸಿದರು. "ನಮ್ಮ ಮಾವಂದು."

ಆಯಿ ಕುಂಕುಮ ಹಚ್ಚುತ್ತಿದ್ದದ್ದು ಚಾಚಿಯ ಅಪ್ಪನ ಮುಖಕ್ಕೆ! ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ. ಜೀವಂತ ಇದ್ದಾಗ ಓಣ್ಯಾಗ ಒಬ್ಬರೂ ಆ ಮನುಷ್ಯಾಗ ಸಲಾಂ ಹೊಡೀತಿದ್ದಿಲ್ಲ. ಸತ್ತ ಮ್ಯಾಲ ದಿನಾ ಕುಂಕುಮ! ಮುದುಕಿ ದೇವರಂತ ಕೈ ಮುಗೀತಾಳ ಅಂತ ಕೇಳಿದ ದಿನದಿಂದ ನಾ ಮಾಣಿಕನಗರದ ಕಡೆ ಕಾಲು ಹಾಕಿಲ್ಲ. ಆಕಿನ್ನ ಕೇಳದ ಉಗುರು ಹಚ್ಚಿದರ ಮ್ಯಾಲಿನವ ನನ್ನ ಕೇಳ್ತಾನ."

ಮರುದಿನ ಉಸ್ತಾದರೇ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ತೆಂಗಿನಕಾಯಿ, ಕಂಕುಳಲ್ಲಿ ಚಾದರ ಸುತ್ತಿದ ಮಾವ. ಆಟೋ ಹಿಡಿದು ಮಾಣಿಕನಗರಕ್ಕೆ ಹೋದೆವು. ಆಯಿಯ ಕಟ್ಟೆಯ ಮೇಲೆ ಕೂತು, ಕಾಯಿ ಮುಂದಿಟ್ಟು, ತಲೆ ತಗ್ಗಿಸಿ, "ಆಯಿ, ಒಂದು ಗುನ್ಹಾ ಆಗ್ಯಾದ್ರಿ. ನೀವು ಕೈ ಮುಗಿಯೋದು ವೀರಭದ್ರ ಅಲ್ರಿ" ಅಂದರು.

ಆಯಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು.

"ಗೊತ್ತದ. ವೀರಭದ್ರ ಕೆಂಪು ಬೂಟ್ ಹಾಕ್ಕೊಂಡು ನಿಂದರ್ತಾನೇನು, ತಮ್ಮಾ?"

ಉಸ್ತಾದರು ಚಾದರದ ತುದಿ ಎತ್ತಿ ಬೂಟು ನೋಡಿದರು.

"ಮತ್ತ ಕುಂಕುಮ ಯಾಕ ಆಯಿ?" ಅಂತ ನಾನು ಕೇಳಿದೆ.

"ನಿಮ್ಮ ಸಲುವಾಗಿ! ರೊಕ್ಕ ನುಂಗ್ತು ಅಂತ ಮಷಿನ್ನಿಗೆ ಒದೀತಿದ್ರಲ್ಲ, ಹಲ್ಕಟ್ಟಗಳ. ಮೊದಲ ಒದ್ದಾಂವ ನೀನೇ. ಕುಂಕುಮ ಹಚ್ಚಿದ ದಿನದಿಂದ ಒಬ್ಬನರ ಕಾಲು ಎತ್ತಿದನೇನು?"

ನಾವು ಇಪ್ಪತ್ತು ಹುಡುಗರು ಮುದುಕಿಯ ಮೇಲೆ ಕರುಣೆ ತೋರಿಸುತ್ತಿದ್ದೆವು. ಕಟ್ಟೆಯ ಮೇಲೆ ಕೂತಲ್ಲೇ ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು.

"ಮಷಿನ್ ನಿಂತ ಮ್ಯಾಲ ಬಿಡಬೇಕಿತ್ತು, ರೂಢಿ ಬಿದ್ದಿತ್ತು" ಅಂದಳು ಆಯಿ. "ಮುಂಜಾನೆದ್ದು ಒಂದು ಮಾರಿ ನೋಡಿದಂಗ ಆಗ್ತಿತ್ತು. ಅದಿರಲಿ, ಯಾರ ಮಾರಿ ಅದು?"

ಉಸ್ತಾದರು ಹೇಳಿದರು. ಆಯಿ ಸೆರಗು ಬಾಯಿಗೆ ಒತ್ತಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೆ ಕೇಳಿದಳು, "ನಿನ್ನ ಹೇಣ್ತಿ ಇದನ್ನ ನೋಡ್ಯಾಳೇನು?"

"ಇಲ್ರಿ."

"ಅವರಪ್ಪನ ಫೋಟೋ ಅದ ಏನು ಮನ್ಯಾಗ?"

"ಇಲ್ರಿ. ಒಮ್ಮೆ ಸ್ಟುಡಿಯೋಕ್ಕ ಕರಕೊಂಡು ಹೋಗಿದ್ವಿ. ಜರಾ ನಗ್ರಿ ಅಂದದ್ದಕ್ಕ ಎದ್ದು ಬಂದ್ರು."

ಆಯಿ ತೆಂಗಿನಕಾಯಿಯನ್ನು ಅವರ ಮಡಿಲಿಗೇ ನೂಕಿದಳು. "ನನ್ನ ಕೇಳಾಕ ಇಷ್ಟು ದೂರ ಬಂದಿ, ಮಗಳನ್ನ ಕೇಳಿಲ್ಲ. ಏಳು. ಅಕಿನ್ನ ಕೇಳು ಹೋಗು."

ತಿರುಗಿ ಬಸವಕಲ್ಯಾಣ. ಉಸ್ತಾದರು ಈಗ ಹೆದರಿದ್ದು ಮೇಲಿನವನಿಗಲ್ಲ. ಪ್ಲೇಟು ಗೋಡೆಗೆ ಆನಿಸಿ, ಹಿಂದೆ ಒಂದು ಬಲ್ಬು ಹೊತ್ತಿಸಿ, ಹೆಂಡತಿಯನ್ನು ಕರೆದು ತಾವು ನನ್ನ ಹಿಂದೆ ಸರಿದು ನಿಂತರು.

ಚಾಚಿ ಹಿಟ್ಟಿನ ಕೈಯಲ್ಲೇ ಬಂದಳು. ನೋಡಿದಳು. ಹತ್ತಿರ ಹೋದಳು.

"ಅಬ್ಬಾ."

ಆಮೇಲೆ ತಿರುಗಿದಳು ನೋಡಿ!

"ಏನ್ರೀ, ನಮ್ಮ ಅಬ್ಬಾಗ ಬೂಟ್ ಹಾಕಿ, ಕತ್ತಿ ಕೊಟ್ಟು, ಹುಡುಗರು ಆಡೂ ಡಬ್ಬಿ ಮ್ಯಾಲ ನಿಂದರಿಸಿದಿರೇನು? ಇಷ್ಟು ವರ್ಷ ನನಗ ಒಂದು ಮಾತು ಹೇಳಲಿಲ್ಲ! ಮತ್ತ ಈ ಮೂಗು ಯಾರದು? ಇದು ನಿಮ್ಮ ಅಣ್ಣನ ಮೂಗು. ಅಬ್ಬಾರ ಮೂಗು ಇಷ್ಟು ದೊಡ್ಡದು ಎಲ್ಲಿತ್ತು?"

ನಾನು ನಡುವೆ ಬಾಯಿ ಹಾಕಿದೆ. "ಚಾಚಿ, ಬೇಕಾದರ ಇಟ್ಕೊಳ್ರಿ. ಢಾಬಾದವಗ ಬ್ಯಾರೆ ಪ್ಲೇಟ್ ಹುಡುಕ್ತೀನಿ."

"ಬೂಟ್ ಹಾಕಿದ ಅಬ್ಬಾನ್ನ ಗ್ವಾಡಿಗೆ ತೂಗ್ ಹಾಕ್ಲೇನು? ನಕ್ಕಾರು ಮಂದಿ. ಕೆರೀರಿ." ಎರಡು ಹೆಜ್ಜೆ ಹೋದವಳು ನಿಂತಳು. "ಮೊದಲ ಮೂಗು ಸರಿ ಮಾಡ್ರಿ. ಆಮ್ಯಾಲ ಕೆರೀರಿ."

ಅಳಿಸಿಹೋಗಲಿರುವ ಚಿತ್ರವನ್ನು ತಿದ್ದಿಸಿದವರನ್ನು ನಾನು ಅವತ್ತೇ ಮೊದಲು ಕಂಡದ್ದು. ಉಸ್ತಾದರು ಪ್ಲೇಟು ತಿರುವಿ, ಉಗುರಿನಿಂದ ಕೂದಲೆಳೆಯಷ್ಟು ಮೂಗು ಕೆರೆದು, ಒಣಗಿದ ಕುಂಚ ನೆನೆಸಿ, ಬಣ್ಣ ಕಲಸಿದರು. ಚಾಚಿ ಮುಂದೆ ಕೂತು, "ಇನ್ನಾ ಸಣ್ಣ... ಆತು, ಆತು, ಅಷ್ಟೂ ತೆಗೀಬ್ಯಾಡ್ರಿ" ಅನ್ನುತ್ತಿದ್ದಳು. ಹಣೆಯ ಕುಂಕುಮ ಎಣ್ಣೆ ಹಚ್ಚಿ ನಾನು ತೆಗೆದೆ. ಆಮೇಲೆ ಆಕೆ ಒಬ್ಬಳೇ ಬಲ್ಬಿನ ಬೆಳಕಿನಲ್ಲಿ ಬಹಳ ಹೊತ್ತು ನೋಡಿದಳು. ರೊಟ್ಟಿ ಹಿಟ್ಟು ಕೈಯಲ್ಲೇ ಒಣಗಿತು.

ಬೂಟು, ಕತ್ತಿ, ನಡುಪಟ್ಟಿ ಎಲ್ಲ ಉಸ್ತಾದರು ತೆಗೆದರು. ಮುಖಕ್ಕೆ ಬಂದಾಗ ಅವರ ಕೈ ಏಳಲಿಲ್ಲ. ಚಾಚಿಯೇ ನೆನೆದ ಬಟ್ಟೆ ತೆಗೆದುಕೊಂಡು, ಬಿಸಿನೀರು ಮುಟ್ಟಿ ನೋಡಿ, ಹಣೆಯಿಂದ ಗದ್ದದವರೆಗೆ ಮೆಲ್ಲಗೆ ಒರೆಸಿದಳು. ಉಪವಾಸದ ದಿನ ಸಂಜೆಗೆ ಮುದುಕ ತಂದೆಯ ಮುಖ ತೊಳೆದುಕೊಟ್ಟ ಹಾಗಿತ್ತು.

ಉಸ್ತಾದರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಚಾಚಿ ಅವರ ಆಧಾರ್ ಕಾರ್ಡು ನನ್ನ ಕೈಗೆ ಕೊಟ್ಟಳು. ಅದರಲ್ಲಿನ ಫೋಟೋ ತಮ್ಮದೆಂದು ಅವರೇ ಒಪ್ಪುತ್ತಿರಲಿಲ್ಲ. "ಯಾರೋ ಕಳ್ಳಂದು ಹಚ್ಯಾರ" ಅನ್ನುತ್ತಿದ್ದರು.

"ಬೇಟಾ, ಅವರ ಹತ್ತಿರ ಕಲ್ತೀಯಲ್ಲ," ಅಂದಳು ಚಾಚಿ, "ಅವರದೊಂದು ಮಾರಿ ಬರದು ಕೊಡತೀಯೇನು?"

ಉಸ್ತಾದರು ನನಗೆ ಕಲಿಸಿದ್ದು ಅಳಿಸುವುದನ್ನು, ಬರೆಯುವುದನ್ನಲ್ಲ. ಕುಂಚ ಹಿಡಿದರೆ ನನ್ನ ಕೈಯಲ್ಲಿ ಬದನೆಕಾಯಿಯೂ ನೆಟ್ಟಗೆ ಮೂಡುವುದಿಲ್ಲ. ನೋಡ್ತೀನಿ ಚಾಚಿ ಅಂದು ಬಂದೆ. ಬಂದವನು ಈ ಪುಟಗಳನ್ನು ಬರೆದಿದ್ದೇನೆ. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಶುಕ್ರವಾರ ಹೋಗಿ ಮುಂದೆ ಕೂತು ಓದುತ್ತೇನೆ. ತಪ್ಪಿದ ಕಡೆಯೆಲ್ಲ ಬೈಯುತ್ತಾಳೆ. ಬೈಸಿಕೊಂಡು, ಅಲ್ಲೇ ತಿದ್ದಿ ಬರುತ್ತೇನೆ.