ಬೀಗ ಹಾಕಿದ ಮನೆಗಳ ಪಟ್ಟಿ

ಎಷ್ಟನೆಯ ಇಯತ್ತೆಯವರೆಗೆ ಕಲಿತೆ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ಕಥೆ ಸಿದ್ಧ ಇರುತ್ತಿತ್ತು. ಆರನೆಯ ಇಯತ್ತೆಯಲ್ಲಿ ಮಾಸ್ತರರು ನನ್ನ ಮೇಲೆ ಕೋಲು ಎತ್ತಿದರು, ನಾನು ಅದನ್ನು ಕಸಿದು ಮುರಿದು ಕಿಟಕಿಯಿಂದ ಆಚೆ ಒಗೆದು ಮನೆಗೆ ಬಂದೆ, ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಕೇಳಿದವರು ನಗುತ್ತಿದ್ದರು. ‘ಭಾರಿ ಅದಿ ಬಿಡಪಾ’ ಎನ್ನುತ್ತಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕಥೆ ಹೇಳಿದ್ದೇನೆ. ಕಥೆ ಸುಳ್ಳು. ಅದು ಸುಳ್ಳೆಂದು ನಾನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾದದ್ದು ಒಬ್ಬ ಹೆಣ್ಣುಮಗಳ ಪಿಎಚ್‌ಡಿಯ ದೆಸೆಯಿಂದ.

ಸಿಂದಗಿಯಲ್ಲಿ ನನ್ನದೊಂದು ಹಳೆಯ ಜೀಪು ಇದೆ. ಮದುವೆಗೆ, ದವಾಖಾನೆಗೆ, ಕೋರ್ಟಿಗೆ ಬಾಡಿಗೆ ಹೊಡೆಯುತ್ತೇನೆ. ಅದರ ಇಂಜಿನ್ನನ್ನು ನಾನೇ ಬಿಚ್ಚುತ್ತೇನೆ, ನಾನೇ ಕೂಡಿಸುತ್ತೇನೆ. ಬೇರೆಯವರ ಕೈಗೆ ಸ್ಪ್ಯಾನರ್ ಕೊಟ್ಟವನಲ್ಲ. ದೀಪಾವಳಿ ಮುಗಿದ ಮೇಲೆ ಒಂದು ಬೆಳಗ್ಗೆ ಬಸವನ ಬಾಗೇವಾಡಿಯ ಆ ಹೆಣ್ಣುಮಗಳು ಬಂದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲ್ಲೂಕಿನ ಹಳ್ಳಿ ತಿರುಗಬೇಕು, ಮೂರು ತಿಂಗಳ ಕೆಲಸ ಎಂದರು. ನಾನು ಅವರನ್ನು ಅಕ್ಕಾರ ಎಂದು ಕರೆದೆ, ಅವರು ನನಗೆ ಕಾಕಾ ಎಂದರು.

"ಹಳ್ಯಾಗ ಏನ್ ಹುಡುಕೂದೈತ್ರಿ ಅಕ್ಕಾರ?" ಎಂದೆ, ಊರು ದಾಟುವಾಗ.

"ವರ್ಷಾ ಊರ ಬಿಟ್ಟ ಕಬ್ಬ ಕಡ್ಯಾಕ ಹೋಗೂ ಮಂದಿ ಅದಾರಲ್ಲ ಕಾಕಾ, ಅವರ ಮನ್ಯಾಗಿನ ಹುಡುಗ್ರು ಉಳದವ್ರಕಿಂತ ಲಗೂನ ಸಾಲಿ ಬಿಡ್ತಾರೋ ಹೆಂಗ ಅಂತ ನೋಡೂದು."

ನಾನು ಗೇರು ಬದಲಿಸಿದೆ. ಬದಲಿಸುವ ಅಗತ್ಯ ಇರಲಿಲ್ಲ.

"ನಿಮಗ ಏನ ಅನಸ್ತೈತಿ?" ಎಂದು ಕೇಳಿದೆ.

"ಬಿಡ್ತಾರ ಅಂತ ಅನಸ್ತೈತಿ. ಅದು ನನ್ನ ಊಹೆ. ಆದ್ರ ಶುರು ಮಾಡೂವಾಗ ಅದನ್ನ ಹಿಡಕೊಂಡ ಹೊಂಡೂದಿಲ್ಲ. ಹೋದವ್ರಿಗೂ ಉಳದವ್ರಿಗೂ ಏನೂ ಫರಕ್ ಇಲ್ಲ ಅಂತ ಹಿಡಕೊಂಡ ಹೊಂಡೂದು. ಅದಕ್ಕ ಶೂನ್ಯ ಊಹೆ ಅಂತಾರ. ಅದು ಸುಳ್ಳು ಅನ್ನಾಕ ಗಟ್ಟಿ ಪುರಾವೆ ಸಿಕ್ರ ಮಾತ್ರ ಬಿಡೂದು."

ನನಗೆ ಆ ಶೂನ್ಯ ಊಹೆ ಭಾಳ ಮನಸ್ಸಿಗೆ ಬಂತು. ಫರಕ್ ಇಲ್ಲ ಎಂದಾದರೆ ಸಾಲಿ ಬಿಟ್ಟವನು ತನ್ನ ಹಠದಿಂದಲೇ ಬಿಟ್ಟ ಹಾಗಾಯಿತಲ್ಲ. ನನ್ನ ಮುರಿದ ಕೋಲಿನ ಕಥೆಗೆ ಒಂದು ಆಸರೆ ಸಿಕ್ಕಂತಾಯಿತು. ನಾನು ಒಳಗೊಳಗೇ ಆ ಊಹೆಯ ಪಕ್ಷ ಸೇರಿಬಿಟ್ಟೆ.

ಆದರೂ ಗಟ್ಟಿ ಪುರಾವೆ ಎಂದರೆ ಎಷ್ಟು ಗಟ್ಟಿ ಎಂಬುದು ತಿಳಿಯಲಿಲ್ಲ. ಕೇಳಿದೆ. ಅವರು ಕೇಳಿದರು, "ಚೌಕಾಬಾರಾ ಆಡೀರಿಲ್ಲೋ?"

"ಆಡಿಲ್ಲಂದ್ರ ಹೆಂಗ್ರಿ? ನಮ್ಮ ಓಣ್ಯಾಗ ನನ್ನ ಕೂಡ ಕೂಡಾಕ ಅಂಜತಿದ್ರು."

"ಒಬ್ಬಾಂವಗ ಒಂದ ಸಂಜಿಯೊಳಗ ಮೂರ ಸಲ ಚೌಕಾ ಬಿತ್ತು. ಕವಡಿ ಖೊಟ್ಟಿ, ಮೋಸದ್ದು ಅಂತೀರೇನು?"

"ಇಲ್ಲ. ನಸೀಬು ಅಂತೇನಿ."

"ಹತ್ತ ಸಲ ಒಂದರ ಹಿಂದ ಒಂದು ಬಿತ್ತು?"

"ಹಾಂ, ಕವಡಿ ತಿರಿವಿ ನೋಡತೇನಿ."

"ಅಷ್ಟ ಕಾಕಾ. ಎಲ್ಲಿ ತನಕ ನಸೀಬು, ಎಲ್ಲಿಂದ ಖೊಟ್ಟಿ, ಅದಕ್ಕೊಂದ ಗೆರಿ ಹಾಕಬೇಕು. ಆ ಗೆರಿ ಆಟಕ್ಕ ಕೂಡೂಕಿಂತ ಮೊದಲ ಹಾಕಬೇಕು. ಸೋತ ಮ್ಯಾಲೆ ಸರಸಾಕ ಬರೂದಿಲ್ಲ."

ನ್ಯಾಯದ ಮಾತು. ಸೋತ ಮೇಲೆ ಗೆರೆ ಸರಿಸುವವರನ್ನು ನಾನೂ ಬಹಳ ನೋಡಿದ್ದೇನೆ.

ಊರಿನ ಮನೆಗಳ ನಂಬರು ಬರೆದ ಚೀಟಿಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಕುಲುಕಿ, ಕಣ್ಣು ಮುಚ್ಚಿ ಅಕ್ಕಾರು ಎತ್ತುತ್ತಿದ್ದರು. ಯಾವ ಮನೆ ಬಂತೋ ಆ ಮನೆಗೆ ಹೋಗಬೇಕು. ಗೌಡರ ಮನೆಯಾದರೂ ಅಷ್ಟೇ, ಗುಡಿಸಲಾದರೂ ಅಷ್ಟೇ. ಮನೆಗೆ ಬೀಗ ಇದ್ದರೆ ಎರಡನೆಯ ಸಲ ಹೋಗಬೇಕು. ಆಗಲೂ ಬೀಗ ಇದ್ದರೆ ಬಾಜೂ ಮನೆ ಹಿಡಿಯಬೇಕು. ಹಾಗೆಂದು ಅವರ ಗೈಡ್ ಸಾಹೇಬರ ಅಪ್ಪಣೆ. ಬೀಗ ಇದ್ದ ಮನೆಯ ನಂಬರನ್ನು ಅಕ್ಕಾರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡುತ್ತಿದ್ದರು. ಅದನ್ನು ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ, ಅವರ ಸ್ವಭಾವ.

ಇಲ್ಲಿಯೇ ನನ್ನ ತಪ್ಪು ನಡೆಯಿತು.

ನಮ್ಮ ಕಡೆ ಕಬ್ಬಿಗೆ ಹೋಗುವವರು ಬೀಗ ಹಾಕಿ ಬಾಗಿಲಿಗೆ ಅಡ್ಡ ಒಂದು ಜಾಲಿಕಂಟಿ ಇಟ್ಟು ಹೋಗುತ್ತಾರೆ. ಆಡು, ನಾಯಿ ಹೊಸ್ತಿಲಲ್ಲಿ ಮಲಗಬಾರದು ಎಂದು. ಮುದುಕಿಯೋ ಮುದುಕನೋ ಮನೆಯಲ್ಲಿ ಉಳಿದರೆ ಮಕ್ಕಳನ್ನು ಅವರ ಹತ್ತಿರ ಬಿಡುತ್ತಾರೆ, ಬೀಗವೂ ಇಲ್ಲ, ಕಂಟಿಯೂ ಇಲ್ಲ. ಕಂಟಿ ಇದೆ ಎಂದರೆ ಮಕ್ಕಳನ್ನೂ ಕರೆದುಕೊಂಡು ಹೋಗಿದ್ದಾರೆ, ಯುಗಾದಿವರೆಗೆ ಬರುವುದಿಲ್ಲ. ಅಕ್ಕಾರು ಪೇಟೆಯಲ್ಲಿ ಬೆಳೆದವರು, ಅವರಿಗೆ ಅದು ಬರೀ ಮುಳ್ಳು. ನನಗೆ ಅದು ಬೋರ್ಡಿನ ಮೇಲೆ ಬರೆದಷ್ಟು ಸ್ಪಷ್ಟ.

ಕನ್ನೊಳ್ಳಿಯಲ್ಲಿ ಮೊದಲ ಕಂಟಿ ಸಿಕ್ಕಿತು.

"ಇಲ್ಲಿ ಯಾರೂ ಕಾಣ್ವಲ್ರಲ್ಲ ಕಾಕಾ?"

"ಬೀಗರ ಮನಿಗೆ ಹೋಗಿರಬೇಕ್ರಿ. ಎರಡನೇ ಸಲ ಬಂದ್ರೂ ಸಿಗೂದಿಲ್ಲ ಬಿಡ್ರಿ. ಬಾಜೂ ಮನಿ ಹಿಡೀರಿ, ಬಿಸಲ ಏರಾಕತ್ತೈತಿ."

ಬಾಜೂ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳು, ಚಹಾ ಕೊಟ್ಟಳು, ಸಾಲಿಗೆ ಹೋದ ಮೊಮ್ಮಕ್ಕಳ ಹೆಸರು ಹೇಳಿದಳು. ಕೆಲಸ ಸುಸೂತ್ರವಾಯಿತು. ಆಮೇಲೆ ಊರೂರಿಗೆ ನಾನು ಇದನ್ನೇ ಮಾಡಿದೆ. ಜೀಪಿನಿಂದಲೇ ಕಂಟಿ ನೋಡಿ, ‘ಇದಕ್ಕೂ ಬೀಗ ಐತ್ರಿ’ ಎಂದು ಅಕ್ಕಾರು ಇಳಿಯುವ ಮೊದಲೇ ಬಾಜೂ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಿದ್ದೆ. ಬೀಗ ಬಿದ್ದ ಮನೆಯ ಬಡತನವನ್ನು ಹೊರಗಿನವರ ಮುಂದೆ ಹರವಬಾರದು ಎಂಬುದು ನಮ್ಮ ಹಳ್ಳಿಗಳ ಮರ್ಯಾದೆ. ಅದು ಅರ್ಧ ಕಾರಣ. ಇನ್ನರ್ಧ ಕಾರಣ, ಆ ಬಾಗಿಲುಗಳ ಮುಂದೆ ನಿಲ್ಲಲು ನನಗೇ ಆಗುತ್ತಿರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ತಿರುಗಾಟ ಮುಗಿಯಿತು. ಕೆಲವು ದಿನಗಳ ಮೇಲೆ ಅಕ್ಕಾರು ಇಂಡಿಯಲ್ಲಿ ಒಂದು ಸಾಲಿಯ ಕೆಲಸಕ್ಕೆ ಕರೆಸಿಕೊಂಡರು. ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗ ಅವರ ಮುಖ ಬಾಡಿತ್ತು.

"ಲೆಕ್ಕ ಮಾಡಿ ನೋಡಿದೆ ಕಾಕಾ. ಗೆರಿ ಹತ್ತರ ಸೈತ ಬರಲಿಲ್ಲ. ಶೂನ್ಯ ಊಹೆ ನಿಂತ ಬಿಡ್ತು."

ನಾನು ಗೆದ್ದಿದ್ದೆ. ಖುಷಿಯಾಗಬೇಕಿತ್ತು.

"ಅಂದ್ರ ಕಬ್ಬಿಗೆ ಹೋದ್ರೂ ಹುಡುಗ್ರಿಗೆ ಏನೂ ಲುಕ್ಸಾನಿಲ್ಲಂತ?"

"ಹಂಗಲ್ಲ. ಫರಕ್ ಐತಿ ಅನ್ನಾಕ ಪುರಾವೆ ಸಿಗಲಿಲ್ಲ, ಅಷ್ಟ. ಆದ್ರ ಓದಾವ್ರು ನೀವು ಹೇಳಿದಂಗ ಓದ್ತಾರ. ಇದನ್ನ ನೋಡಿ ನಾಳೆ ಯಾರರೆ, ಆ ಹುಡುಗ್ರಿಗೆ ಹಾಸ್ಟೆಲ್ ಯಾಕ ಬೇಕು ಅಂದ್ರ ನಾ ಏನ್ ಹೇಳ್ಲಿ? ಗೈಡ್ ಸರ್ ಹಿಂಗ ಬರದ ಮುಗಸು ಅಂದಾರ." ಕಪ್ಪು ಕೆಳಗಿಟ್ಟರು. "ಒಂದ ತಿಳೀವಲ್ದು. ಕಬ್ಬಿಗೆ ಹೋದ ಮನಿ ಅಂತ ನಂಗ ಸಿಕ್ಕದ್ದು ಎಲ್ಲಾ ಅಜ್ಜಿ ಇದ್ದ ಮನಿ. ಒಂದೊಂದ ಅಜ್ಜಿ ಒಂದ ಹಿಂಡ ಮೊಮ್ಮಕ್ಕಳನ್ನ ಸಾಲಿಗೆ ಕಳಸತಾಳ."

ಅಜ್ಜಿ ಇಲ್ಲದ ಮನೆಗಳನ್ನು ನಾನೇ ದಾಟಿಸಿಕೊಂಡು ಹೋಗಿದ್ದೆ.

ಸಿಂದಗಿಗೆ ಮರಳುವ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿದೆ. ಇಂಜಿನ್ ಕಾಯ್ದಿದೆ ಎಂದೆ. ಬಾನೆಟ್ಟು ಎತ್ತಿ, ಅದರೊಳಗೆ ಮುಖ ಇಟ್ಟುಕೊಂಡೇ ಹೇಳಿದೆ. ಬೀಗರ ಮನೆಯ ಮಾತು ಸುಳ್ಳು, ಕಂಟಿಯ ಅರ್ಥ ಇದು, ಅದು ನನಗೆ ಹೇಗೆ ಗೊತ್ತೆಂದರೆ ನಮ್ಮ ಬಾಗಿಲಿಗೂ ಮೂರು ವರ್ಷ ಕಂಟಿ ಬಿದ್ದಿತ್ತು. ದೀಪಾವಳಿಗೆ ಹೋದರೆ ಯುಗಾದಿಗೆ ಬರುತ್ತಿದ್ದೆವು. ಬಂದಾಗ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೀ ಗೈರು. ಹೋದ ವರ್ಷದ ಇಯತ್ತೆಯಲ್ಲೇ ಮತ್ತೆ ಕೂರಬೇಕು. ಮೂರನೆಯ ಸಲ ಸಣ್ಣ ಹುಡುಗರ ನಡುವೆ ಕೂತಾಗ ನನ್ನ ಮೊಳಕಾಲು ಡೆಸ್ಕಿನ ಕೆಳಗೆ ಹಿಡಿಯಲಿಲ್ಲ. ಎದ್ದು ಬಂದೆ. ಆ ಮಾಸ್ತರರು ನನ್ನ ಮೇಲೆ ಒಂದು ದಿನವೂ ಕೋಲು ಎತ್ತಿದವರಲ್ಲ.

ಅಕ್ಕಾರು ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ಬೆರಳಿಟ್ಟು ಎಣಿಸುತ್ತಿದ್ದರು. ಎಣಿಕೆ ಮುಗಿಯಲು ಹೊತ್ತು ಹಿಡಿಯಿತು.

"ಮೂರ ತಿಂಗಳ ಕಾಕಾ! ಮೂರ ತಿಂಗಳ ನನ್ನ ಬಾಜೂ ಮನಿಗೆ ಕರಕೊಂಡ ಅಡ್ಡಾಡಿದ್ರಿ!"

"ಹೌದ್ರಿ. ತಪ್ಪಾತು."

ಈ ಮಾತು ನನ್ನ ಬಾಯಲ್ಲಿ ಸುಲಭವಾಗಿ ಬರುವುದಲ್ಲ. ನನ್ನ ಹೆಂಡತಿಯನ್ನು ಬೇಕಾದರೆ ಕೇಳಿ.

"ತಪ್ಪ ನಿಮ್ಮದ ಅಷ್ಟ ಅಲ್ಲ ಬಿಡ್ರಿ," ಎಂದರು ನೋಟ್‌ಬುಕ್ ಮುಚ್ಚಿ. "ಎರಡನೇ ಸಲ ಹೋಗಬೇಕಿತ್ತು ನಾನು. ಬಿಸಲ ಅಂದ್ರಿ, ನಾನೂ ಹೂಂ ಅಂದೆ."

ಅಲ್ಲಿಂದಲೇ ಗೈಡ್ ಸಾಹೇಬರಿಗೆ ಫೋನು ಮಾಡಿದರು. ಸಾಹೇಬರ ದನಿ ಎಷ್ಟು ಗಟ್ಟಿ ಎಂದರೆ ಬಾನೆಟ್ಟಿನ ಒಳಗೂ ಕೇಳಿಸಿತು. "ಡ್ರೈವರ್ ಹೇಳಿದ ಅಂತ ಮತ್ತ ಊರ ತಿರಗ್ತೀಯೇನವಾ?" ಅಕ್ಕಾರು ಜಗ್ಗಲಿಲ್ಲ. ಕೊನೆಗೆ ಸಾಹೇಬರು ಒಪ್ಪಿದರು, ಆದರೆ ಷರತ್ತು ಹಾಕಿದರು. ಯುಗಾದಿ ಆದ ಮೇಲೆ ಪಟ್ಟಿಯಲ್ಲಿದ್ದ ಬೀಗದ ಮನೆಗಳಿಗೆಲ್ಲ ಹೋಗಬೇಕು, ಒಂದನ್ನೂ ಬಿಡಬಾರದು. ಬಾಜೂ ಮನೆಯ ಉತ್ತರಗಳನ್ನು ತೆಗೆದುಹಾಕಬೇಕು. ಪ್ರಶ್ನೆಗಳು ಅವೇ, ಗೆರೆಯೂ ಅದೇ. ಮೊದಲ ಸಲ ಏನು ತಪ್ಪಾಯಿತೆಂದು ಪ್ರಬಂಧದಲ್ಲಿ ಮುಚ್ಚದೆ ಬರೆಯಬೇಕು. "ಮತ್ತ ಆ ಡ್ರೈವರ್ ಬಾಯಿ ತೆರೀಬಾರ್ದು!"

ಕೊನೆಯದು ಕೇಳಿ ನನಗೆ ಸಿಟ್ಟು ಬಂತು. ಸಿಟ್ಟು ಬಂದರೂ ತಪ್ಪು ಅವರದಲ್ಲ ಎಂದು ಗೊತ್ತಿತ್ತು.

ಯುಗಾದಿಯ ಮೇಲೆ ಹೋದಾಗ ಕಂಟಿಗಳು ಬಾಗಿಲಿನಿಂದ ಸರಿದು ಅಂಗಳದ ಮೂಲೆಯಲ್ಲಿ ಒಲೆಗೆ ಕಾಯುತ್ತ ಬಿದ್ದಿದ್ದವು. ಯಂಕಂಚಿಯ ಒಂದು ಮನೆಯ ಯಜಮಾನ ಕಟ್ಟೆಯ ಮೇಲೆ ಕೂತು ಉತ್ತರ ಹೇಳುತ್ತಿದ್ದ. ನಾನು ಜೀಪಿಗೆ ಒರಗಿ ನಿಂತಿದ್ದೆ. ಮಾತು ಎಲ್ಲವೂ ಕೇಳಿಸುತ್ತಿತ್ತು.

"ಮಗಾ ಯಾಕ ಸಾಲಿ ಬಿಟ್ಟಾ ಯಜಮಾನ್ರ?"

"ಏನ ಹೇಳ್ಲೆವಾ, ಅವನ ತಲಿಗೆ ಹತ್ತಲಿಲ್ಲ. ಭಾಳ ಉಡಾಳ. ಮಾಸ್ತರಗ ಕಲ್ಲ ತೂರಿ ಬಂದಾನ."

ನನ್ನ ಕಥೆ! ಕೋಲಿನ ಬದಲು ಕಲ್ಲು, ಅಷ್ಟೇ ವ್ಯತ್ಯಾಸ. ಸುಳ್ಳು ಹೇಳಬ್ಯಾಡೋ ಮಾರಾಯಾ ಎಂದು ಒದರಬೇಕೆನಿಸಿತು. ಹಲ್ಲು ಕಚ್ಚಿ ನಿಂತೆ. ಅಕ್ಕಾರು ಅವನು ಹೇಳಿದ್ದನ್ನು ಹಾಗೆಯೇ ಬರೆದುಕೊಂಡು, ಪೆನ್ನು ಮುಚ್ಚಿ, ನಮಸ್ಕಾರ ಹೇಳಿ ಎದ್ದರು.

ಆ ಯಜಮಾನ ಕಳಿಸಲು ಜೀಪಿನವರೆಗೆ ಬಂದ. ನನ್ನ ಕಡೆ ನೋಡಿ ಕೇಳಿದ, "ನೀವೆಷ್ಟನೇತ್ತ ತನಾ ಕಲ್ತೀರಿ?"

ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಪೆನ್ನು ಮುಚ್ಚಿ ಆಗಿದೆಯಲ್ಲ, ಇನ್ನು ಬಾಯಿ ತೆರೆದರೆ ಸಾಹೇಬರ ಷರತ್ತು ಮುರಿದಂತಲ್ಲ ಎಂದುಕೊಂಡೆ.

"ಆರನೇತ್ತ. ಕಬ್ಬಿಗೆ ಹೋಗ್ತಿದ್ವಿ. ಬರೂದ್ರಾಗ ಹಾಜರಿ ಹೋಗಿರ್ತಿತ್ತು."

ಅವನು ನನ್ನನ್ನು ನೋಡಿದ, ಜೀಪನ್ನು ನೋಡಿದ. "ಯಾವ ಕಡೆ ಹೋಗ್ತಿದ್ರಿ?" ಎಂದ. ಹೇಳಿದೆ. ಅವನೂ ಹೇಳಿದ. ಇಬ್ಬರೂ ಒಂದೇ ಸೀಮೆಯ ಕಬ್ಬು ಕಡಿದಿದ್ದೆವು. ಆಮೇಲೆ ಅವನು ಅಕ್ಕಾರರ ಕಡೆ ತಿರುಗಿದ. "ಎವ್ವಾ, ನಾ ಹೇಳಿದ್ದು ಹೊಡದ ಹಾಕು. ಕಲ್ಲಿಲ್ಲ ಏನಿಲ್ಲ. ನಾವ ಕರಕೊಂಡ ಹೋಗಿದ್ವಿ."

"ಆಗೂದಿಲ್ರಿ ಯಜಮಾನ್ರ. ಬರದಾತು. ಈಗಿಂದು ಕಾಕಾನ ಮಾತ ಕೇಳಿ ಹೇಳಿದ್ದಾತು."

ಊರು ದಾಟಿದ ಮೇಲೆ ನಾನು ಬಿಡಲಿಲ್ಲ. "ಖರೇ ಬಿಟ್ಟ ಸುಳ್ಳ ಬರಕೊಂಡ ಹೊಂಟೀರಲ್ರಿ?"

"ಸಾಲಿ ಹಾಜರಿ ಪುಸ್ತಕ ಐತಲ್ಲ ಕಾಕಾ, ಬಿಟ್ಟಾನೋ ಇಲ್ಲೋ ಅದರಾಗ ಸಿಗತೈತಿ. ನಂದು ಅಷ್ಟ ಪ್ರಶ್ನೆ. ಯಾಕ ಬಿಟ್ಟಾ ಅಂತ ಮಂದಿ ಏನೇನ ಹೇಳ್ತಾರ ಅನ್ನೂದು ಬ್ಯಾರೆ. ಅದಕ್ಕ ಇನ್ನೊಂದ ಪಿಎಚ್‌ಡಿ ಬೇಕು."

"ಹಂಗಾದ್ರ ನನ್ನರೆ ಬರಕೋರಿ. ಖರೇ ಹೇಳ್ತೇನಿ."

"ನೀವು ಚೀಟ್ಯಾಗ ಬಂದಿಲ್ಲ ಕಾಕಾ," ಎಂದು ನಕ್ಕರು. ಆರು ತಿಂಗಳಲ್ಲಿ ಅವರು ಅಷ್ಟು ನಕ್ಕದ್ದು ಅದೇ ಮೊದಲು. ಮೂವತ್ತು ವರ್ಷ ಅವುಡುಗಚ್ಚಿ ಇಟ್ಟುಕೊಂಡ ನಿಜವನ್ನು ಹೊರಗೆ ತೆಗೆದರೆ ಅದನ್ನು ಬರೆದುಕೊಳ್ಳಲು ಒಂದು ಖಾನೆ ಸಹ ಇಲ್ಲ ಅವರ ಪ್ರಶ್ನೆಯ ಹಾಳೆಯಲ್ಲಿ!

ಮುಂಗಾರು ಶುರುವಾದಾಗ ಫೋನು ಬಂತು. ನಾನು ಬಾಡಿಗೆಯವರನ್ನು ತಂಗಡಗಿಯಲ್ಲಿ ಇಳಿಸಿ ಹೊಳೆದಂಡೆಯಲ್ಲಿ ಗಾಡಿ ತೊಳೆಯುತ್ತಿದ್ದೆ.

"ಗೆರಿ ದಾಟೇತಿ ಕಾಕಾ. ಭಾಳ ದಾಟೇತಿ. ನಸೀಬು ಅನ್ನಾಕ ಬರೂದಿಲ್ಲ."

ನಾನು ಸೇರಿದ್ದ ಪಕ್ಷ ಸೋತಿತ್ತು. "ಅಂದ್ರ ನಾ ಸಾಲಿ ಬಿಟ್ಟದ್ದು..." ಎಂದು ಶುರು ಮಾಡಿದೆ.

"ನಿಮ್ಮದು ನಾ ಹೇಳಾಕ ಬರೂದಿಲ್ಲ. ಇದು ಎಲ್ಲಾರ್ನೂ ಕೂಡಿಸಿ ನೋಡಿದ ಮಾತು. ಒಬ್ಬೊಬ್ಬರ ಮನಸಿನ್ಯಾಗ ಏನಿತ್ತು ಅಂತ ಲೆಕ್ಕಕ್ಕ ತಿಳೀದು."

ಫೋನು ಇಟ್ಟು ಗಾಡಿ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟೆ. ನನ್ನ ಮಾಸ್ತರರು ಪೆನ್ಶನ್ ಆದ ಮೇಲೆ ಮುದ್ದೇಬಿಹಾಳದಲ್ಲಿ ಇದ್ದಾರೆಂದು ಬಹಳ ವರ್ಷಗಳಿಂದ ಗೊತ್ತಿತ್ತು. ಆ ಓಣಿಯ ಬಾಡಿಗೆ ಬಂದರೆ ಬೇರೆ ದಾರಿ ಹಿಡಿಯುತ್ತಿದ್ದೆ. ಅಂದು ನೇರ ಅವರ ಮನೆಯ ಮುಂದೆ ನಿಲ್ಲಿಸಿದೆ.

ಮಾಸ್ತರರ ಕಣ್ಣು ಮಂದವಾಗಿತ್ತು, ಕಿವಿ ಚೆನ್ನಾಗಿತ್ತು. ಊರು ಹೇಳಿದೆ, ಮನೆತನ ಹೇಳಿದೆ, ಕಬ್ಬಿಗೆ ಹೋಗುತ್ತಿದ್ದೆವು ಎಂದೆ. ಅವರು ಬಹಳ ಹೊತ್ತು ನೆನಪಿಸಿಕೊಳ್ಳಲು ನೋಡಿ ತಲೆ ಅಲ್ಲಾಡಿಸಿದರು.

"ಭಾಳ ಹುಡುಗ್ರು ಹೋಗ್ತಿದ್ರಪಾ ಆವಾಗ. ಯಾರ್ನಂತ ನೆನಪಿಡ್ಲಿ?"

ಕೋಲಿನ ಕಥೆ ಹೇಳಿದೆ. ನಾಲ್ಕು ತಾಲ್ಲೂಕಿನಲ್ಲಿ ಅವರ ಮೇಲೆ ಅದನ್ನು ಹಬ್ಬಿಸಿದ್ದು ನಾನೇ ಎಂದೆ. ಕೈ ಮುಗಿದೆ.

ಮಾಸ್ತರರು ಕೆಮ್ಮು ಬರುವವರೆಗೆ ನಕ್ಕರು. "ಕೋಲಾ? ನನ್ನ ಕಡೆ ಕೋಲ ಎಲ್ಲಿತ್ತಲೇ ಮಗನ!" ಎಂದರು. ಆಮೇಲೆ ಒಳಗೆ ಸೊಸೆಗೆ ಕೂಗಿ ಹೇಳಿದರು: "ಎವ್ವಾ, ಎರಡ ಕಪ್ ಚಹಾ ಇಡು. ನಮ್ಮ ಸಾಲಿ ಹುಡುಗ ಬಂದಾನ."