ಒಂದೇ ದಿಕ್ಕಿಗೆ ನೋಡಿದ ಹಕ್ಕಿಗಳು

ಮೊನ್ನೆ ದುಬೈನ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನ ಮೆಟ್ಟಿಲ ಮೇಲೆ ಯಾರೋ ಸೀಮೆಎಣ್ಣೆ ಹಾಕಿ ಬಣ್ಣದ ಕಲೆ ಒರೆಸುತ್ತಿದ್ದರು. ಆ ವಾಸನೆಗೆ ಚಹಾ ಲೋಟ ಕೆಳಗಿಟ್ಟೆ. ಸತ್ವಾದ ಆ ಟೈಲರ್ ಅಂಗಡಿ, ಹಿಂದಿನ ಕೋಣೆ, ಅಲ್ಲಿ ಬಗ್ಗಿ ಕೂತಿದ್ದ ಚಾಚಾ...

ನಾನು ಮಂಗಳೂರಿನಿಂದ ಹೊಸದಾಗಿ ಬಂದು ಕೌಂಟರಿನಲ್ಲಿ ಅಳತೆ ಬರೆದುಕೊಳ್ಳುತ್ತಿದ್ದೆ. ಎಲ್ಲರ ಫೋನಿಗೂ ಆಗಷ್ಟೇ ವಾಟ್ಸಾಪ್ ಬಂದಿದ್ದ ಕಾಲ. ಚಾಚಾ ಭಟ್ಕಳದವರು, ಕಸೂತಿಗೆ ಚಿತ್ರ ಬರೆಯುವವರು. ತೆಳು ಕಾಗದದಲ್ಲಿ ಬಳ್ಳಿ, ಹಕ್ಕಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ರೇಷ್ಮೆಯ ಮೇಲಿಟ್ಟು ಸೀಮೆಎಣ್ಣೆ ಕಲಸಿದ ಬಿಳಿ ಪುಡಿಯಿಂದ ಒರೆಸುತ್ತಿದ್ದರು. ಕಾಗದ ಎತ್ತಿದರೆ ಬಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹಕ್ಕಿ!

ಅವರ ಮನಸ್ಸು ಹೇಗೋ ಚಿತ್ರ ಹಾಗೆ. ಊರಿನ ಫೋನು ಚೆನ್ನಾಗಿ ಆಗಿದ್ದರೆ ಬಳ್ಳಿ ತುಂಬ ಮೊಗ್ಗು. ಇಲ್ಲದಿದ್ದರೆ ಎಲೆಯೆಲ್ಲ ಮುಳ್ಳು.

"ಚಾಚಿ ಬೈದ್ರಾ ಇವತ್ತು?" ಎಂದು ನಾನು ಕೆಣಕುತ್ತಿದ್ದೆ.

"ನಿನ್ಗೆ ಹೇಗೆ ಗೊತ್ತಾಯ್ತು, ಬಾಯಿಬಡ್ಕಿ?" ಎನ್ನುತ್ತಿದ್ದರು.

ಆ ವಾರ ಚಾಚಿ ಮಂಗಳೂರಿನ ಆಸ್ಪತ್ರೆಯಲ್ಲಿ ಐಸಿಯುನಲ್ಲಿದ್ದರು. ಚಾಚಾಗೆ ಸಂಜೆ ನಾಲ್ಕರ ವಿಮಾನ. ಪಾಸ್‌ಪೋರ್ಟು ಮಾತ್ರ ಮಾಲೀಕರ ಡ್ರಾಯರಿನಲ್ಲಿ. ಅರಬ್ಬಿ ಮದುಮಗಳ ಗೌನಿನ ಎರಡು ತೋಳುಗಳಿಗೆ ಚಿತ್ರ ಇಳಿಸಿದರೆ ಖಲಾಸ್, ಹೋಗಬಹುದು ಎಂದಿದ್ದರು ಮಾಲೀಕರು. ಹನ್ನೊಂದಕ್ಕೆಲ್ಲ ಚಾಚಾ ಮುಗಿಸಿ ಕೈ ತೊಳೆಯಲು ಹೋದರು.

ಅಂಗಡಿಯ ಪದ್ಧತಿಯಂತೆ ಗಿರಾಕಿಗೆ ಕಳಿಸಲು ನಾನು ಫೋಟೋ ತೆಗೆದೆ. ಆಗಲೇ ತಪ್ಪು ಕಂಡದ್ದು. ಎರಡನೇ ತೋಳಿಗೆ ಕಾಗದವನ್ನು ಮಗುಚಿ ಹಾಕಬೇಕು, ಆಗ ಹಕ್ಕಿಗಳು ಎದುರುಬದುರಾಗುತ್ತವೆ. ಚಾಚಾ ಮಗುಚಿರಲೇ ಇಲ್ಲ. ಎರಡೂ ಹಕ್ಕಿ ಒಂದೇ ದಿಕ್ಕಿಗೆ ಕತ್ತು ಚಾಚಿ, ರೆಕ್ಕೆ ಬಿಚ್ಚಿ ಹೊರಟು ನಿಂತಿದ್ದವು.

ಮದುಮಗಳ ತಾಯಿಗೆ ಫೋಟೋ ಹೋಯಿತು. ಉತ್ತರ ಬರಲಿಲ್ಲ. ಹಿಂದಿನ ತಿಂಗಳಷ್ಟೇ ಅಳತೆ ತಪ್ಪಿ ಬೈಸಿಕೊಂಡಿದ್ದೆ, ಇನ್ನೊಂದು ತಪ್ಪಾದರೆ ಊರಿಗೆ ಕಳಿಸುತ್ತೇನೆ ಎಂದಿದ್ದರು ಮಾಲೀಕರು. ಅರ್ಧ ಗಂಟೆ ತಾಳಿದೆ. ಆಮೇಲೆ ನಾನೇ, ಈ ಬಾಯಿಂದಲೇ, ಮಾಲೀಕರಿಗೆ ಹೇಳಿಬಿಟ್ಟೆ.

"ಮದುವೆ ಬಟ್ಟೆ ಮೇಲೆ ಓಡಿಹೋಗೋ ಹಕ್ಕಿಯಾ?" ಎಂದು ಅವರು ತೋಳುಗಳನ್ನೂ ಕಾಗದವನ್ನೂ ಹರಿದೆಸೆದರು. ಹೊಸ ರೇಷ್ಮೆ ತಂದು ಮುಂದಿಟ್ಟರು. ಹೊರತೆಗೆದಿಟ್ಟಿದ್ದ ಪಾಸ್‌ಪೋರ್ಟನ್ನು ಮತ್ತೆ ಡ್ರಾಯರಿಗೆ ಹಾಕಿ ಬೀಗ ಜಡಿದರು. ಚಾಚಾ ನನ್ನ ಕಡೆ ಒಮ್ಮೆ ನೋಡಿದರು.

ಎದುರುಬದುರಿನ ಹಕ್ಕಿ ಬರೆಯಲು ಕೂತರು. ಬರೆದರು, ಅಳಿಸಿದರು. ಮೂರು ಸಲವೂ ಹಕ್ಕಿಯ ಕುತ್ತಿಗೆ ಆಚೆಗೇ ತಿರುಗಿತು. ಗೋಡೆಯ ಗಡಿಯಾರ ನೋಡುವುದು, ಪೆನ್ಸಿಲು ಹಿಡಿಯುವುದು, ಮತ್ತೆ ನೋಡುವುದು... ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಒಂದು ಗಂಟೆಗೆ ನನ್ನ ಫೋನು ಟಣ್ ಎಂದಿತು. ಮದುಮಗಳ ತಾಯಿ ಬರೆದಿದ್ದರು, ಎರಡೂ ಹಕ್ಕಿ ಒಟ್ಟಿಗೆ ಹಾರುತ್ತಿವೆ, ಬಹಳ ಚೆಂದ, ಹೀಗೇ ಇರಲಿ ಎಂದು. ಹಾಗೇ ಇರಲು ತೋಳುಗಳೆಲ್ಲಿದ್ದವು? ಯಾರಿಗೂ ತೋರಿಸದೆ ಆ ಮೆಸೇಜನ್ನು ಅಳಿಸಿದೆ. ಹೇಡಿ ನಾನು.

ಕೆಲಸ ಮುಗಿದದ್ದು ಆರಕ್ಕೆ. ಚಾಚಾ ಹೊರಟದ್ದು ಮರುದಿನ. ಅವರು ಹೊರಟ ದಿನ ಬೆಳಗ್ಗೆಯೇ ಚಾಚಿ ತೀರಿಕೊಂಡಿದ್ದರು, ಇವರು ಊರು ಮುಟ್ಟುವ ಮೊದಲೇ ದಫನ್ ಆಗಿತ್ತು. ಹೊರಡುವಾಗ, ಆ ಸುದ್ದಿ ಇನ್ನೂ ಬಂದಿರದಿದ್ದಾಗ, ನನ್ನ ತಲೆ ಮುಟ್ಟಿ ಹೇಳಿದ್ದರು: "ತಪ್ಪು ನನ್ದೇ ಬೇಟಾ. ನೀನು ಬೇಜಾರು ಮಾಡ್ಬೇಡ." ಅವರು ಮತ್ತೆ ದುಬೈಗೆ ಬರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಅದು ನನ್ನದೇ ಕಥೆ. ಊರಿಗೆ ಹೋದಾಗಲೆಲ್ಲ ಭಟ್ಕಳಕ್ಕೆ ಹೋಗಿ ಆ ಮೆಸೇಜಿನ ವಿಷಯ ಹೇಳಬೇಕು ಎಂದುಕೊಂಡೆ. ಪ್ರತಿ ಸಲವೂ ಏನೋ ಒಂದು ನೆಪ ಸಿಕ್ಕಿತು. ಹೋದ ರಂಜಾನಿನಲ್ಲಿ ಚಾಚಾ ಹೋಗಿಬಿಟ್ಟರಂತೆ, ಇಲ್ಲಿ ಅಂಗಡಿ ಇಟ್ಟಿರುವ ಅವರ ಊರಿನವರೊಬ್ಬರು ಹೇಳಿದರು. ತಪ್ಪು ತಮ್ಮದೇ ಎಂದುಕೊಂಡೇ ಹೋದರು, ಪಾಪ.